ಕಮಾಂಡ್ ಲೈನ್ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಪ್ಪು ಪರದೆ, ಮಿಣುಕುವ ಕರ್ಸರ್. ಅದರ ಮುಂದೆ ಮೊದಲ ಸಲ ಕೂತವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಪಕ್ಕದಲ್ಲಿ ಕೂತು ಹೇಳಿಕೊಟ್ಟ ಹಾಗೆ ಅವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ಕಮಾಂಡ್‌ಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರಗಳನ್ನೇ ಬಳಸಿ. ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ.

ಟರ್ಮಿನಲ್, ಶೆಲ್, ಕಮಾಂಡ್ ಲೈನ್ ಎಲ್ಲ ಒಂದೇನಾ?

ಅಲ್ಲ. ಟರ್ಮಿನಲ್ ಅಂದ್ರೆ ಅಕ್ಷರ ತೋರಿಸುವ ಆ ಕಿಟಕಿ ಅಷ್ಟೇ. ಅದರೊಳಗೆ ಕೂತು ನೀವು ಬರೆದ ಸಾಲನ್ನು ಓದುವ ಪ್ರೋಗ್ರಾಮೇ ಶೆಲ್. ಹೀಗೆ ಸಾಲು ಬರೆದು ಕೆಲಸ ಮಾಡಿಸುವ ವಿಧಾನವೇ ಕಮಾಂಡ್ ಲೈನ್. ಲಿನಕ್ಸ್‌ನಲ್ಲಿ ಹೆಚ್ಚಾಗಿ ಸಿಗುವ ಶೆಲ್ ಬ್ಯಾಶ್. ಗ್ನೂ ಅನ್ನುವ ಸ್ವತಂತ್ರ ತಂತ್ರಾಂಶ ಯೋಜನೆಗಾಗಿ ಬ್ರಯಾನ್ ಫಾಕ್ಸ್ ಬರೆದ ಇದು 1989ರಲ್ಲಿ ಹೊರಬಂತು.

ಎಂಟರ್ ಒತ್ತಿದ ಮೇಲೆ ಏನಾಗುತ್ತದೆ ಅನ್ನೋದನ್ನ ಮೊದಲೇ ತಿಳಿದುಕೊಂಡರೆ ಮುಂದಿನ ಅರ್ಧ ಗೊಂದಲ ಬರುವುದಿಲ್ಲ. ಶೆಲ್ ಸಾಲನ್ನು ಸ್ಪೇಸ್ ಇದ್ದಲ್ಲಿ ತುಂಡು ಮಾಡುತ್ತದೆ. ಮೊದಲ ತುಂಡು ಕಮಾಂಡಿನ ಹೆಸರು. ಉಳಿದವು ಆ ಕಮಾಂಡಿಗೆ ಕೊಡುವ ಮಾಹಿತಿ. ನಕ್ಷತ್ರ ಚಿಹ್ನೆಯಂಥವು ಇದ್ದರೆ ಅವನ್ನು ಶೆಲ್ಲೇ ಬಿಡಿಸುತ್ತದೆ. ಇಷ್ಟೆಲ್ಲ ಆದ ಮೇಲೆ ಕಮಾಂಡನ್ನು ಓಡಿಸುತ್ತದೆ. ಅಂದರೆ ನೀವು ಬರೆದ ಸಾಲು ಕಮಾಂಡಿನ ಕೈಗೆ ಹಾಗೇ ಹೋಗುವುದಿಲ್ಲ, ನಡುವೆ ಶೆಲ್ ಕೈಯಾಡಿಸಿರುತ್ತದೆ. ಕೆಳಗೆ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಮೌಸ್ ಇರುವಾಗ ಇದೆಲ್ಲ ಯಾಕೆ ಬೇಕು?

ಒಂದು ಫೈಲ್ ತೆರೆಯೋಕೆ ಮೌಸ್ ಸಾಕು. ನಾನೂ ಮೌಸನ್ನೇ ಬಳಸುತ್ತೇನೆ. ಆದರೆ ನಾಲ್ಕು ನೂರು ಫೋಟೋಗಳ ಹೆಸರು ಬದಲಿಸಬೇಕು, ಇಲ್ಲವೇ ಸಾವಿರ ಫೈಲ್‌ಗಳಲ್ಲಿ ಒಂದು ಪದ ಎಲ್ಲಿದೆ ಅಂತ ಹುಡುಕಬೇಕು ಅಂದಾಗ ಕ್ಲಿಕ್ ಮಾಡಿ ಮಾಡಿ ಕೈ ಸೋಲುತ್ತದೆ. ಇನ್ನೊಂದು ಕಾರಣವೂ ಇದೆ. ದೂರದ ಸರ್ವರ್‌ಗಳಲ್ಲಿ ಬಹಳಷ್ಟು ಸಲ ಕಿಟಕಿ, ಐಕಾನ್ ಯಾವುದೂ ಇರುವುದಿಲ್ಲ. ಅಲ್ಲಿ ಕೆಲಸ ಮಾಡೋಕೆ ಇದೇ ದಾರಿ.

ಕಲಿಯೋಕೆ ಹೊಸದಾಗಿ ಲಿನಕ್ಸ್ ಹಾಕಿಕೊಳ್ಳಲೇಬೇಕಾ?

ಬೇಡ. ಮ್ಯಾಕ್ ಇದ್ದರೆ ಟರ್ಮಿನಲ್ ಅದರಲ್ಲೇ ಇದೆ. 2019ರಿಂದ ಅದರ ಮಾಮೂಲಿ ಶೆಲ್ ಝಡ್‌ಶೆಲ್, ಆದರೆ ಇಲ್ಲಿ ಹೇಳುವ ಬಹುತೇಕ ಎಲ್ಲವೂ ಅದರಲ್ಲೂ ನಡೆಯುತ್ತದೆ. ವಿಂಡೋಸ್ 10 ಅಥವಾ 11 ಇದ್ದರೆ ಡಬ್ಲ್ಯೂಎಸ್‌ಎಲ್ ಹಾಕಿಕೊಂಡು ಒಳಗೇ ಲಿನಕ್ಸ್ ಓಡಿಸಬಹುದು. ಇರುವುದನ್ನು ಮುಟ್ಟದೆ ಲಿನಕ್ಸ್ ನೋಡಬೇಕಾದರೆ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಬಹುದು.

ಮೊದಲು ಯಾವ ಕಮಾಂಡ್ ಕಲಿಯಲಿ?

ಮೂರು. ಪಿಡಬ್ಲ್ಯೂಡಿ, ಎಲ್‌ಎಸ್, ಸಿಡಿ. ನಾನು ಎಲ್ಲಿದ್ದೇನೆ, ಇಲ್ಲಿ ಏನೇನಿದೆ, ಅಲ್ಲಿಗೆ ಹೋಗು. ಹೊಸಬರಿಗೆ ಬರುವ ತೊಂದರೆಗಳಲ್ಲಿ ಜಾಸ್ತಿ ಪಾಲು ತಾವು ಎಲ್ಲಿದ್ದೇವೆ ಅನ್ನೋದನ್ನ ಮರೆಯುವುದರಿಂದ ಬರುತ್ತದೆ. ಫೋಲ್ಡರ್ ಬದಲಿಸಿದಾಗಲೆಲ್ಲ ಮೊದಲ ಒಂದು ವಾರ ಪಿಡಬ್ಲ್ಯೂಡಿ ಹೊಡೆದು ನೋಡಿ.

ಇಲ್ಲಿ ಎಲ್ಲವೂ ಒಂದು ಬುಡದಿಂದ ಹೊರಡುತ್ತದೆ. ಆ ಬುಡದ ಹೆಸರು ಬರೀ ಓರೆಗೆರೆ: / . ಸಿ ಡ್ರೈವ್, ಡಿ ಡ್ರೈವ್ ಅಂತ ಇಲ್ಲ. ಪೆನ್‌ಡ್ರೈವ್ ಹಾಕಿದರೂ ಅದು ಇದೇ ಮರದ ಒಂದು ಕೊಂಬೆಯಾಗಿ ಸೇರಿಕೊಳ್ಳುತ್ತದೆ. ಒಂದು ಚುಕ್ಕಿ ಅಂದರೆ ಈಗಿರುವ ಫೋಲ್ಡರ್. ಎರಡು ಚುಕ್ಕಿ ಅಂದರೆ ಅದರ ಮೇಲಿನದು. ಅಲೆಯ ಗುರುತು ~ ಅಂದರೆ ನಿಮ್ಮ ಮನೆ ಫೋಲ್ಡರ್. ಸಿಡಿ ಒಂದನ್ನೇ ಹೊಡೆದರೆ ಎಲ್ಲಿದ್ದರೂ ಸೀದಾ ಮನೆಗೆ ಬರುತ್ತೀರಿ. ಸಿಡಿ, ಸ್ಪೇಸ್, ಮೈನಸ್ ಹೊಡೆದರೆ ಈಗಷ್ಟೇ ಬಿಟ್ಟುಬಂದ ಫೋಲ್ಡರ್‌ಗೆ ವಾಪಸ್. ಇದನ್ನು ನಾನು ದಿನಕ್ಕೆ ಹತ್ತಾರು ಸಲ ಬಳಸುತ್ತೇನೆ.

ಎಲ್‌ಎಸ್‌ಗೆ ಮೈನಸ್ ಎಲ್ ಸೇರಿಸಿದರೆ ಯಾರ ಫೈಲ್, ಎಷ್ಟು ದೊಡ್ಡದು, ಯಾವಾಗ ಬದಲಾಯಿತು ಎಲ್ಲ ಕಾಣುತ್ತದೆ. ಮೈನಸ್ ಎ ಸೇರಿಸಿದರೆ ಹೆಸರಿನ ಮುಂದೆ ಚುಕ್ಕಿ ಇರುವ ಅಡಗಿದ ಫೈಲ್‌ಗಳೂ ಹೊರಬರುತ್ತವೆ.

ಈ ಮೂರು ಕೈಗೆ ಹತ್ತಿದ ಮೇಲೆ ಇನ್ನು ನಾಲ್ಕು: ಫೋಲ್ಡರ್ ಮಾಡೋಕೆ ಎಂಕೆಡಿರ್ (ಎಂ, ಕೆ, ಡಿ, ಐ, ಆರ್), ನಕಲು ಮಾಡೋಕೆ ಸಿಪಿ, ಜಾಗ ಅಥವಾ ಹೆಸರು ಬದಲಿಸೋಕೆ ಎಂವಿ, ಅಳಿಸೋಕೆ ಆರ್‌ಎಂ. ಸಿಪಿ ಮತ್ತು ಎಂವಿ ಬಗ್ಗೆ ಒಂದು ಎಚ್ಚರ. ಹೋಗುವ ಜಾಗದಲ್ಲಿ ಅದೇ ಹೆಸರಿನ ಫೈಲ್ ಇದ್ದರೆ ಕೇಳದೆಯೇ ಅದರ ಮೇಲೆ ಬರೆದುಬಿಡುತ್ತವೆ. ಮೈನಸ್ ಐ ಸೇರಿಸಿದರೆ ಕೇಳುತ್ತವೆ.

ಹೆಸರುಗಳು ಯಾಕೆ ಇಷ್ಟು ಮೊಟಕು?

ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅದರ ಮೂಲ ಪುರುಷರು. ಆಗ ಅವರ ಎದುರಿಗಿದ್ದದ್ದು ಪರದೆ ಅಲ್ಲ, ಟೆಲಿಟೈಪ್. ಟೈಪ್‌ರೈಟರ್ ಹಾಗೆ ಕಾಗದದ ಮೇಲೆ ಅಚ್ಚು ಹಾಕುವ ಯಂತ್ರ. ಮಾಡೆಲ್ 33 ಅನ್ನುವ ಟೆಲಿಟೈಪ್ ಸೆಕೆಂಡಿಗೆ 10 ಅಕ್ಷರ ಅಚ್ಚು ಹಾಕುತ್ತಿತ್ತು, ಕೀಲಿಗಳು ಬಲು ಗಟ್ಟಿ. ಉದ್ದ ಹೆಸರು ಅಂದರೆ ಬೆರಳಿಗೂ ನೋವು, ಕಾಯುವುದೂ ಜಾಸ್ತಿ. ಹಾಗಾಗಿ ಎರಡು ಮೂರು ಅಕ್ಷರದ ಹೆಸರುಗಳೇ ನಿಂತವು.

ಕಮಾಂಡ್ ಕೊಟ್ಟೆ, ಏನೂ ಉತ್ತರ ಬರಲಿಲ್ಲ. ಕೆಟ್ಟುಹೋಯ್ತಾ?

ಕೆಲಸ ಆಯಿತು ಅಂತ ಅರ್ಥ. ಹೇಳಬೇಕಾದ್ದು ಇಲ್ಲದಿದ್ದರೆ ಈ ಟೂಲ್‌ಗಳು ಸುಮ್ನೆ ಇರುತ್ತವೆ. ನಂಬಿಕೆ ಬರದಿದ್ದರೆ ಎಲ್‌ಎಸ್ ಹೊಡೆದು ನೋಡಿ.

ತಪ್ಪಾದಾಗ ಬರುವ ಮೆಸೇಜ್ ಅರ್ಥವೇ ಆಗಲ್ಲವಲ್ಲ?

ಓದಿ. ನಿಧಾನವಾಗಿ, ಪೂರ್ತಿ ಓದಿ. ನಾನು ನೋಡಿದ ಹೊಸಬರಲ್ಲಿ ಬಹಳ ಮಂದಿ ಮೆಸೇಜ್ ಬಂದ ಕೂಡಲೇ ಗಾಬರಿಯಾಗಿ ಪರದೆ ಅಳಿಸಿಬಿಡುತ್ತಾರೆ. ಹೊಸಬರಿಗೆ ಬರುವ ಮೆಸೇಜ್‌ಗಳು ಮೂರೇ ಬಗೆ ಅಂದರೂ ನಡೆದೀತು. ‘ಕಮಾಂಡ್ ನಾಟ್ ಫೌಂಡ್’ ಅಂದರೆ ಹೆಸರು ತಪ್ಪಿದೆ, ಇಲ್ಲವೇ ಆ ಟೂಲ್ ಹಾಕಿಕೊಂಡಿಲ್ಲ. ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಅಂದರೆ ಫೈಲಿನ ಹೆಸರು ತಪ್ಪಿದೆ ಅಥವಾ ನೀವು ಬೇರೆ ಫೋಲ್ಡರ್‌ನಲ್ಲಿದ್ದೀರಿ. ‘ಪರ್ಮಿಷನ್ ಡಿನೈಡ್’ ಅಂದರೆ ನಿಮಗೆ ಆ ಹಕ್ಕಿಲ್ಲ. ಸಾಲಿನ ಶುರುವಿನಲ್ಲಿ ಯಾರು ಮಾತಾಡುತ್ತಿದ್ದಾರೆ ಅಂತ ಇರುತ್ತದೆ, ಅದನ್ನೂ ಗಮನಿಸಿ. ಸಿಪಿ ದೂರುತ್ತಿದೆಯೋ, ಶೆಲ್ ದೂರುತ್ತಿದೆಯೋ ಗೊತ್ತಾದರೆ ಎಲ್ಲಿ ಹುಡುಕಬೇಕು ಅನ್ನೋದೂ ಗೊತ್ತಾಗುತ್ತದೆ.

ಆರ್‌ಎಂ ಅಂದರೆ ಎಲ್ಲರೂ ಯಾಕೆ ಹೆದರಿಸುತ್ತಾರೆ?

ಅದಕ್ಕೆ ಕಸದಬುಟ್ಟಿ ಇಲ್ಲ. ಅಳಿಸಿದ್ದು ಹೋಯಿತು ಅಂತಲೇ ಲೆಕ್ಕ.

ನನಗೆ ಆದದ್ದನ್ನೇ ಹೇಳುತ್ತೇನೆ. ಒಂದು ಫೋಲ್ಡರ್‌ನಲ್ಲಿ ‘.ಟಿಎಂಪಿ’ ಅಂತ ಮುಗಿಯುವ ತಾತ್ಕಾಲಿಕ ಫೈಲ್‌ಗಳು ತುಂಬಿದ್ದವು. ಆರ್‌ಎಂ, ಸ್ಪೇಸ್, ನಕ್ಷತ್ರ, ಅದಕ್ಕೆ ಅಂಟಿಕೊಂಡು ‘.ಟಿಎಂಪಿ’ ಹೊಡೆಯಬೇಕಿತ್ತು. ಅವಸರದಲ್ಲಿ ನಕ್ಷತ್ರ ಆದ ಮೇಲೆ ಒಂದು ಸ್ಪೇಸ್ ಬಿತ್ತು. ಶೆಲ್ ಸಾಲನ್ನು ಸ್ಪೇಸ್ ಇದ್ದಲ್ಲಿ ತುಂಡು ಮಾಡುತ್ತದೆ ಅಂದೆನಲ್ಲ. ಈಗ ನಕ್ಷತ್ರವೇ ಬೇರೆ ತುಂಡು. ನಕ್ಷತ್ರ ಒಂದೇ ಇದ್ದರೆ ‘ಇಲ್ಲಿರುವ ಎಲ್ಲ ಫೈಲ್’ ಅಂತ ಅರ್ಥ. ಶೆಲ್ ಆ ಪಟ್ಟಿಯನ್ನು ಬಿಡಿಸಿ ಆರ್‌ಎಂ ಕೈಗೆ ಕೊಟ್ಟಿತು. ಆರ್‌ಎಂ ಎಲ್ಲವನ್ನೂ ಅಳಿಸಿ, ಕೊನೆಗೆ ‘.ಟಿಎಂಪಿ ಅನ್ನೋ ಫೈಲ್ ಇಲ್ಲ’ ಅಂತ ಒಂದೇ ಒಂದು ಸಾಲು ಹೇಳಿತು. ಮೂರು ವಾರದ ಟಿಪ್ಪಣಿ ಹೋಯಿತು. ಆರ್‌ಎಂ ನಕ್ಷತ್ರವನ್ನು ಕಣ್ಣಲ್ಲೂ ನೋಡಿರಲಿಲ್ಲ, ಅದಕ್ಕೆ ಸಿಕ್ಕಿದ್ದು ಹೆಸರುಗಳ ಪಟ್ಟಿ.

ಅವತ್ತಿನಿಂದ ನಾನು ಬಿಡದೆ ಮಾಡುವುದು ಇದು. ಅಳಿಸುವ ಮುಂಚೆ ಆರ್‌ಎಂ ಜಾಗದಲ್ಲಿ ಎಲ್‌ಎಸ್ ಹಾಕಿ ಅದೇ ಸಾಲನ್ನು ಓಡಿಸುತ್ತೇನೆ. ಯಾವ ಹೆಸರುಗಳು ಬರುತ್ತವೆ ಅಂತ ಕಣ್ಣಾರೆ ನೋಡುತ್ತೇನೆ. ಸರಿ ಇದ್ದರೆ ಮೇಲಿನ ಬಾಣದ ಕೀ ಒತ್ತಿ, ಎಲ್‌ಎಸ್ ತೆಗೆದು ಆರ್‌ಎಂ ಹಾಕುತ್ತೇನೆ. ಹತ್ತು ಸೆಕೆಂಡಿನ ಕೆಲಸ. ಕಲಿಯುವಾಗ ಮನೆ ಫೋಲ್ಡರ್‌ನೊಳಗೆ ‘ಅಭ್ಯಾಸ’ ಅಂತ ಒಂದು ಫೋಲ್ಡರ್ ಮಾಡಿಕೊಂಡು ಎಲ್ಲ ಪ್ರಯೋಗವನ್ನೂ ಅದರೊಳಗೇ ಮಾಡಿ.

ಹೆಸರಿನಲ್ಲಿ ಸ್ಪೇಸ್ ಇರುವ ಫೈಲ್ ತೆರೆಯುತ್ತಲೇ ಇಲ್ಲ, ಏನು ಮಾಡಲಿ?

ಕಾರಣ ಈಗ ನಿಮಗೇ ಹೊಳೆದಿರಬೇಕು. ‘ನನ್ನ ಪಟ್ಟಿ’ ಅನ್ನುವ ಫೈಲ್ ಶೆಲ್‌ಗೆ ‘ನನ್ನ’ ಮತ್ತು ‘ಪಟ್ಟಿ’ ಅನ್ನುವ ಎರಡು ಫೈಲ್‌ಗಳ ಹಾಗೆ ಕಾಣುತ್ತದೆ. ಹೆಸರಿನ ಸುತ್ತ ಉದ್ಧರಣ ಚಿಹ್ನೆ ಹಾಕಿ, ಸಾಕು. ಹೊಸ ಫೈಲ್‌ಗೆ ಹೆಸರಿಡುವಾಗ ಸ್ಪೇಸ್ ಬದಲು ಅಡಿಗೆರೆ ಹಾಕಿದರೆ ಈ ತಾಪತ್ರಯವೇ ಇಲ್ಲ.

ಪೈಪ್ ಅಂತ ಹೇಳ್ತಾರಲ್ಲ, ಅದೇನು?

ನನಗೆ ಈ ಸಿಸ್ಟಮ್ ಮೇಲೆ ಪ್ರೀತಿ ಹುಟ್ಟಿದ್ದೇ ಪೈಪ್‌ನಿಂದ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಪೈಪ್ ಅಂದರೆ ನೆಟ್ಟಗಿನ ಗೆರೆ: | . ಎಡಗಡೆಯ ಕಮಾಂಡಿನಿಂದ ಬಂದದ್ದನ್ನು ಬಲಗಡೆಯ ಕಮಾಂಡಿಗೆ ಹರಿಸುತ್ತದೆ. ಪ್ರೋಗ್ರಾಮ್‌ಗಳನ್ನು ತೋಟದ ಪೈಪಿನ ತುಂಡುಗಳ ಹಾಗೆ ಜೋಡಿಸುವಂತಿರಬೇಕು ಅಂತ ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್‌ರಾಯ್ 1964ರಲ್ಲೇ ಬರೆದಿಟ್ಟಿದ್ದರು. 1973ರಲ್ಲಿ ಥಾಂಪ್ಸನ್ ಅದನ್ನು ಯೂನಿಕ್ಸ್‌ಗೆ ಸೇರಿಸಿದರು.

ಮಾಡಿಯೇ ನೋಡೋಣ. ಒಂದು ಲೈಬ್ರರಿಯಲ್ಲಿ ಯಾರಾದರೂ ಪುಸ್ತಕ ತೆಗೆದುಕೊಂಡಾಗಲೆಲ್ಲ ಅದು ಯಾವ ಬಗೆಯದು ಅಂತ ಒಂದು ಸಾಲು ಬರೆದಿಡುತ್ತಾರೆ ಅಂದುಕೊಳ್ಳಿ. ‘ಪಟ್ಟಿ’ ಅನ್ನುವ ಫೈಲ್‌ನಲ್ಲಿ ಹೀಗಿದೆ:

ಕಾದಂಬರಿ
ಕಥೆ
ಕಾದಂಬರಿ
ಕವನ
ಕಾದಂಬರಿ
ಕಥೆ

ಯಾವುದು ಎಷ್ಟು ಸಲ ಹೋಗಿದೆ? ಒಂದೇ ಥರದ ಸಾಲುಗಳನ್ನು ಎಣಿಸೋಕೆ ಯುನಿಕ್ (ಯು, ಎನ್, ಐ, ಕ್ಯೂ) ಅನ್ನುವ ಟೂಲ್ ಇದೆ, ಮೈನಸ್ ಸಿ ಕೊಟ್ಟರೆ ಎಣಿಸುತ್ತದೆ. ಆದರೆ ಅದಕ್ಕೆ ಅಕ್ಕಪಕ್ಕದ ಸಾಲುಗಳು ಮಾತ್ರ ಕಾಣುತ್ತವೆ. ನೇರವಾಗಿ ಕೊಟ್ಟರೆ ಪ್ರತಿ ಸಾಲಿಗೂ 1 ಅಂತ ಬರುತ್ತದೆ, ಯಾಕೆಂದರೆ ಎಲ್ಲೂ ಒಂದೇ ಥರದ ಎರಡು ಸಾಲು ಅಕ್ಕಪಕ್ಕ ಇಲ್ಲ. ಹಾಗಾಗಿ ಮೊದಲು ಸಾಲುಗಳನ್ನು ಕ್ರಮವಾಗಿ ಜೋಡಿಸುವ ಸಾರ್ಟ್ ಕೊಡಬೇಕು. ಆಗ ಎರಡು ‘ಕಥೆ’ ಒಟ್ಟಿಗೆ, ಮೂರು ‘ಕಾದಂಬರಿ’ ಒಟ್ಟಿಗೆ ಬರುತ್ತವೆ. ಅದನ್ನು ಯುನಿಕ್‌ಗೆ ಹರಿಸಿ. ಎಣಿಕೆ ಬಂದ ಮೇಲೆ ದೊಡ್ಡದು ಮೇಲೆ ಬರಲಿ ಅಂತ ಮತ್ತೊಮ್ಮೆ ಸಾರ್ಟ್. ಈ ಸಲ ಅಂಕಿ ಅಂತ ಓದಲು ಮೈನಸ್ ಎನ್, ತಿರುವುಮುರುವು ಮಾಡಲು ಆರ್. ಪೂರ್ತಿ ಸಾಲು:

ಸಾರ್ಟ್ ಪಟ್ಟಿ | ಯುನಿಕ್ ಮೈನಸ್ ಸಿ | ಸಾರ್ಟ್ ಮೈನಸ್ ಎನ್‌ಆರ್

ಬರುವ ಉತ್ತರ:

3 ಕಾದಂಬರಿ
2 ಕಥೆ
1 ಕವನ

ಆರು ಸಾಲಿಗೆ ಇದು ಬೇಕಿಲ್ಲ, ನಿಜ. ಆದರೆ ಆರು ಲಕ್ಷ ಸಾಲಿದ್ದರೂ ಕಮಾಂಡ್ ಇದೇ. ಕೊನೆಗೆ ಇನ್ನೊಂದು ಪೈಪ್ ಹಾಕಿ ಹೆಡ್ ಅಂದರೆ ಮೇಲಿನ ಹತ್ತು ಸಾಲು ಮಾತ್ರ ಕಾಣುತ್ತವೆ. ಸಾರ್ಟ್ ಬರೆದವರಿಗೆ ಲೈಬ್ರರಿಯ ಲೆಕ್ಕ ಗೊತ್ತಿರಲಿಲ್ಲ, ಯುನಿಕ್ ಬರೆದವರಿಗೂ ಗೊತ್ತಿರಲಿಲ್ಲ. ಜೋಡಿಸಿದ್ದು ನೀವು.

ಪೈಪ್ ಬರೆಯುವಾಗ ಒಂದೊಂದೇ ತುಂಡು ಸೇರಿಸುತ್ತಾ ಹೋಗಿ. ಮೊದಲ ಕಮಾಂಡ್ ಓಡಿಸಿ ನೋಡಿ, ಆಮೇಲೆ ಎರಡನೆಯದು, ಆಮೇಲೆ ಮೂರನೆಯದು. ಉದ್ದ ಸಾಲನ್ನು ಒಂದೇ ಉಸಿರಿಗೆ ಬರೆದು ಕೊನೆಯಲ್ಲಿ ತಪ್ಪು ಹುಡುಕುವುದು ಕಷ್ಟ.

ಬಂದ ಉತ್ತರವನ್ನು ಫೈಲ್‌ನಲ್ಲಿ ಉಳಿಸೋದು ಹೇಗೆ?

ಕೊನೆಯಲ್ಲಿ > ಹಾಕಿ ಹೊಸ ಫೈಲಿನ ಹೆಸರು ಬರೆಯಿರಿ. ಹಳೆಯದಕ್ಕೆ ಸೇರಿಸಬೇಕಾದರೆ >> ಹಾಕಿ. ಒಂದೇ ಹಾಕಿದರೆ ಹಳೆಯದು ಅಳಿಸಿಹೋಗುತ್ತದೆ. ಇನ್ನೊಂದು ಗುಂಡಿ ಇದೆ, ಬೀಳಬೇಡಿ. ‘ಪಟ್ಟಿ’ಯನ್ನು ಸಾರ್ಟ್ ಮಾಡಿ > ಗುರುತಿನಿಂದ ಅದೇ ‘ಪಟ್ಟಿ’ಗೆ ಬರೆಯಲು ಹೊರಟರೆ ಫೈಲ್ ಖಾಲಿಯಾಗುತ್ತದೆ. ಯಾಕೆ ಅಂದರೆ ಸಾರ್ಟ್ ಶುರುವಾಗುವ ಮುಂಚೆಯೇ ಶೆಲ್ ಆ ಫೈಲನ್ನು ಖಾಲಿ ಮಾಡಿ ತೆರೆದಿಟ್ಟಿರುತ್ತದೆ. ಸಾರ್ಟ್ ಬಂದು ನೋಡಿದಾಗ ಓದೋಕೆ ಏನೂ ಉಳಿದಿರುವುದಿಲ್ಲ. ಬೇರೆ ಹೆಸರಿಗೆ ಬರೆದು, ಆಮೇಲೆ ಎಂವಿ ಮಾಡಿ.

ಗ್ರೆಪ್‌ಗೂ ಫೈಂಡ್‌ಗೂ ಏನು ವ್ಯತ್ಯಾಸ?

ಗ್ರೆಪ್ ಫೈಲಿನ ಒಳಗಿನ ಸಾಲುಗಳಲ್ಲಿ ಹುಡುಕುತ್ತದೆ. ಫೈಂಡ್ ಫೈಲನ್ನೇ ಹುಡುಕುತ್ತದೆ, ಹೆಸರು, ಗಾತ್ರ, ದಿನಾಂಕದ ಮೇಲೆ. ಗ್ರೆಪ್‌ಗೆ ಮೈನಸ್ ಆರ್ ಕೊಟ್ಟರೆ ಒಳಗಿನ ಫೋಲ್ಡರ್‌ಗಳನ್ನೂ ಜಾಲಾಡುತ್ತದೆ, ಮೈನಸ್ ಎನ್ ಕೊಟ್ಟರೆ ಸಾಲಿನ ಸಂಖ್ಯೆ ಹೇಳುತ್ತದೆ, ಮೈನಸ್ ಐ ಕೊಟ್ಟರೆ ದೊಡ್ಡ ಸಣ್ಣ ಅಕ್ಷರದ ಭೇದ ಮಾಡುವುದಿಲ್ಲ. ಫೈಂಡ್‌ಗೆ ನಕ್ಷತ್ರ ಇರುವ ಹೆಸರು ಕೊಡುವಾಗ ಉದ್ಧರಣ ಚಿಹ್ನೆ ಹಾಕಿ. ಇಲ್ಲದಿದ್ದರೆ ನಕ್ಷತ್ರವನ್ನು ಶೆಲ್ಲೇ ಬಿಡಿಸಿಬಿಡುತ್ತದೆ, ಫೈಂಡ್‌ವರೆಗೆ ಅದು ತಲುಪುವುದೇ ಇಲ್ಲ.

ಈ ಟೂಲ್‌ಗಳಿಗೆ ಕನ್ನಡ ಅರ್ಥವಾಗುತ್ತಾ?

ಆಗುತ್ತದೆ. ಮೇಲಿನ ಲೈಬ್ರರಿ ಪಟ್ಟಿಯನ್ನು ಕನ್ನಡದಲ್ಲೇ ಬರೆದು ನೋಡಿ, ನಡೆಯುತ್ತದೆ. ಗ್ರೆಪ್‌ಗೆ ಕನ್ನಡ ಪದ ಕೊಟ್ಟರೂ ಹುಡುಕುತ್ತದೆ. ಇದಕ್ಕೆ ಕಾರಣ ಯುಟಿಎಫ್-8, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಒಂದು ಕ್ರಮ. ಅದನ್ನು 1992ರಲ್ಲಿ ರೂಪಿಸಿದವರು ಅದೇ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್.

ಎಣಿಸುವಾಗ ಮಾತ್ರ ಎಚ್ಚರ ಬೇಕು. ‘ಕನ್ನಡ’ ಅನ್ನುವ ಪದ ನಮ್ಮ ಕಣ್ಣಿಗೆ ಮೂರು ಅಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ಗೆ ಐದು: ಕ, ನ, ಒತ್ತಕ್ಷರ ಮಾಡುವ ‘್’ ಗುರುತು, ನ, ಡ. ಒಂದೊಂದಕ್ಕೂ 3 ಬೈಟ್. ಹಾಗಾಗಿ ಎಣಿಸುವ ಟೂಲ್ ಡಬ್ಲ್ಯೂಸಿಗೆ ಮೈನಸ್ ಸಿ ಕೊಟ್ಟರೆ ಬೈಟ್ ಎಣಿಸಿ 15 ಅನ್ನುತ್ತದೆ, ಮೈನಸ್ ಎಂ ಕೊಟ್ಟರೆ ಅಕ್ಷರ ಎಣಿಸಿ 5 ಅನ್ನುತ್ತದೆ. ಸಾಲಿನ ಕೊನೆಯ ಎಂಟರ್ ಇದ್ದರೆ ಎರಡಕ್ಕೂ ಇನ್ನೊಂದು ಸೇರುತ್ತದೆ. ಕೆಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ. ಒಂದೊಂದು ಅಕ್ಷರಕ್ಕೂ ಒಂದೇ ಅಗಲದ ಮನೆ ಕೊಟ್ಟು ಕೂರಿಸುವುದರಿಂದ ಹಾಗಾಗುತ್ತದೆ. ಕಾಣುವುದು ಒಡೆದಿರಬಹುದು, ಫೈಲ್ ಒಳಗೆ ಏನೂ ಕೆಟ್ಟಿರುವುದಿಲ್ಲ.

ಸುಡೊ ಕೊಟ್ಟಾಗ ಪಾಸ್‌ವರ್ಡ್ ಟೈಪ್ ಆಗ್ತಾನೇ ಇಲ್ಲವಲ್ಲ?

ಆಗುತ್ತಿದೆ, ಕಾಣುತ್ತಿಲ್ಲ ಅಷ್ಟೇ. ಬಹಳಷ್ಟು ಸಿಸ್ಟಮ್‌ಗಳಲ್ಲಿ ಚುಕ್ಕಿಯನ್ನೂ ತೋರಿಸುವುದಿಲ್ಲ. ಪಕ್ಕದಲ್ಲಿದ್ದವರಿಗೆ ಪಾಸ್‌ವರ್ಡ್ ಎಷ್ಟು ಉದ್ದ ಅನ್ನೋದೂ ತಿಳಿಯಬಾರದು ಅಂತ. ಪೂರ್ತಿ ಹೊಡೆದು ಎಂಟರ್ ಒತ್ತಿ.

ಸುಡೊ ಅಂದರೆ ಈ ಒಂದು ಕಮಾಂಡನ್ನು ಯಜಮಾನನ ಹಕ್ಕಿನಿಂದ ಮಾಡು ಅಂತ. ‘ಪರ್ಮಿಷನ್ ಡಿನೈಡ್’ ಬಂದಾಗಲೆಲ್ಲ ಮುಂದೆ ಸುಡೊ ಸೇರಿಸುವ ಅಭ್ಯಾಸ ಮಾತ್ರ ಬೇಡ. ಮೊದಲು ಎಲ್‌ಎಸ್ ಮೈನಸ್ ಎಲ್ ಮಾಡಿ ಆ ಫೈಲ್ ಯಾರದ್ದು ನೋಡಿ. ಇಂಟರ್‌ನೆಟ್‌ನಲ್ಲಿ ಸಿಕ್ಕ ಸಾಲಿನಲ್ಲಿ ಸುಡೊ ಇದ್ದರೆ ಪ್ರತಿ ತುಂಡಿನ ಅರ್ಥ ತಿಳಿಯುವವರೆಗೆ ಅಂಟಿಸಬೇಡಿ. ಇದರಲ್ಲಿ ನಾನು ತುಂಬ ಕಟ್ಟುನಿಟ್ಟು.

ಒಳಗೆ ಸಿಕ್ಕಿಹಾಕಿಕೊಂಡಿದ್ದೇನೆ, ಹೊರಗೆ ಬರೋದು ಹೇಗೆ?

ಓಡುತ್ತಿರುವುದನ್ನು ನಿಲ್ಲಿಸಲು ಕಂಟ್ರೋಲ್ ಸಿ. ಕೈಪಿಡಿ ತೋರಿಸುವ ಮ್ಯಾನ್ ಅಥವಾ ಫೈಲನ್ನು ಪುಟ ಪುಟವಾಗಿ ತೋರಿಸುವ ಲೆಸ್ ಒಳಗಿದ್ದರೆ ಕ್ಯೂ. ಫೈಲಿನಲ್ಲಿರುವುದನ್ನು ಪರದೆಗೆ ತರುವ ಕ್ಯಾಟ್ ಹೊಡೆದು ಫೈಲ್ ಹೆಸರು ಮರೆತರೆ ಅದು ನಿಮ್ಮ ಟೈಪಿಂಗ್‌ಗೆ ಕಾಯುತ್ತಾ ಕೂರುತ್ತದೆ, ಕಂಟ್ರೋಲ್ ಡಿ ಒತ್ತಿ. ವಿಮ್ ಎಡಿಟರ್ ತೆರೆದುಕೊಂಡಿದ್ದರೆ ಎಸ್ಕೇಪ್ ಒತ್ತಿ, ಆಮೇಲೆ ಕೋಲನ್, ಕ್ಯೂ, ಆಶ್ಚರ್ಯ ಚಿಹ್ನೆ, ಎಂಟರ್. ಬರೆದದ್ದು ಉಳಿಯುವುದಿಲ್ಲ, ಆದರೆ ಹೊರಗೆ ಬರುತ್ತೀರಿ. ಮೊದಲಿಗೆ ನ್ಯಾನೊ ಎಡಿಟರ್ ಬಳಸಿ. ಏನು ಒತ್ತಬೇಕು ಅಂತ ಕೆಳಗೇ ಬರೆದಿರುತ್ತದೆ.

ಇಷ್ಟೆಲ್ಲ ನೆನಪಿಟ್ಟುಕೊಳ್ಳೋದು ಹೇಗೆ?

ಬಾಯಿಪಾಠ ಮಾಡಬೇಡಿ. ಹೆಸರಿನ ಮೊದಲ ಎರಡು ಅಕ್ಷರ ಹೊಡೆದು ಟ್ಯಾಬ್ ಒತ್ತಿ, ಶೆಲ್ ಉಳಿದದ್ದನ್ನು ತುಂಬುತ್ತದೆ. ತುಂಬದಿದ್ದರೆ ಅಂಥ ಹೆಸರು ಅಲ್ಲಿಲ್ಲ, ಅಥವಾ ಒಂದಕ್ಕಿಂತ ಜಾಸ್ತಿ ಇವೆ. ಹಾಗಾಗಿ ಟ್ಯಾಬ್ ಒಂದು ಪರೀಕ್ಷೆಯೂ ಹೌದು. ಕಂಟ್ರೋಲ್ ಆರ್ ಒತ್ತಿ ಹಳೆಯ ಕಮಾಂಡಿನ ಒಂದು ತುಣುಕು ಬರೆದರೆ ಪೂರ್ತಿ ಸಾಲು ಬರುತ್ತದೆ.

ಇನ್ನು ಮ್ಯಾನ್. ಹೆಚ್ಚಿನ ಕಮಾಂಡ್‌ಗಳ ಮುಂದೆ ಮ್ಯಾನ್ ಹಾಕಿದರೆ ಅವುಗಳ ಕೈಪಿಡಿ ತೆರೆಯುತ್ತದೆ. ಯೂನಿಕ್ಸ್‌ನ ಮೊದಲ ಕೈಪಿಡಿ 1971ರ ನವೆಂಬರ್‌ನದು. ಮ್ಯಾನ್ ಪುಟವನ್ನು ಕಥೆಯ ಹಾಗೆ ಮೊದಲಿಂದ ಓದಬೇಕಿಲ್ಲ. ಓರೆಗೆರೆ ಒತ್ತಿ, ಬೇಕಾದ ಪದ ಬರೆದು ಎಂಟರ್ ಒತ್ತಿ, ಅಲ್ಲಿಗೆ ಹೋಗುತ್ತೀರಿ. ಮುಂದಿನದಕ್ಕೆ ಎನ್.

ಇದೆಲ್ಲ ಬಂತು. ಮುಂದೇನು?

ನೀವು ವಾರಕ್ಕೆರಡು ಸಲ ಬರೆಯುವ ಒಂದು ಸಾಲನ್ನು ಸ್ಕ್ರಿಪ್ಟ್ ಮಾಡಿ, ಅಂದರೆ ಫೈಲ್‌ನಲ್ಲಿ ಬರೆದಿಟ್ಟು ಕಮಾಂಡಿನ ಹಾಗೆ ಓಡಿಸಿ. ಲೈಬ್ರರಿಯ ಆ ಪೈಪನ್ನೇ ತೆಗೆದುಕೊಳ್ಳಿ. ನ್ಯಾನೊದಲ್ಲಿ ‘ಎಣಿಕೆ’ ಅನ್ನುವ ಫೈಲ್ ತೆರೆದು, ಮೊದಲ ಸಾಲಿನಲ್ಲಿ ಹ್ಯಾಶ್, ಆಶ್ಚರ್ಯ ಚಿಹ್ನೆ, ಅದಕ್ಕೆ ಅಂಟಿಕೊಂಡು ಬ್ಯಾಶ್ ಇರುವ ಜಾಗ (ಸಾಮಾನ್ಯವಾಗಿ /bin/bash) ಬರೆಯಿರಿ. ಎರಡನೇ ಸಾಲಿನಲ್ಲಿ ಪೈಪ್. ‘ಪಟ್ಟಿ’ ಅಂತ ಇದ್ದಲ್ಲಿ ಉದ್ಧರಣ ಚಿಹ್ನೆಯೊಳಗೆ ಡಾಲರ್ ಗುರುತು ಮತ್ತು 1 ಹಾಕಿ. ಅಲ್ಲಿಗೆ ನೀವು ಕೊಡುವ ಫೈಲ್ ಹೆಸರು ಬಂದು ಕೂರುತ್ತದೆ.

ಈಗ ಅದಕ್ಕೆ ಓಡುವ ಹಕ್ಕು ಕೊಡಬೇಕು. ಓದುವುದಕ್ಕೆ 4, ಬರೆಯುವುದಕ್ಕೆ 2, ಓಡಿಸುವುದಕ್ಕೆ 1. ಮೂರೂ ಸೇರಿದರೆ 7, ಓದಿ ಓಡಿಸುವುದು ಮಾತ್ರ ಅಂದರೆ 5. ಹಕ್ಕು ಬದಲಿಸುವ ಕಮಾಂಡ್ ಸಿಎಚ್‌ಮಾಡ್ (ಸಿ, ಎಚ್, ಎಂ, ಒ, ಡಿ). ಸಿಎಚ್‌ಮಾಡ್ 755 ‘ಎಣಿಕೆ’ ಅಂದರೆ ನಿಮಗೆ ಎಲ್ಲ ಹಕ್ಕು, ಗುಂಪಿಗೆ ಮತ್ತು ಉಳಿದವರಿಗೆ ಓದಿ ಓಡಿಸುವ ಹಕ್ಕು. ಅದನ್ನು ಕೊಟ್ಟ ಮೇಲೆ ಚುಕ್ಕಿ, ಓರೆಗೆರೆ, ‘ಎಣಿಕೆ’, ಸ್ಪೇಸ್, ಫೈಲ್ ಹೆಸರು. ಚುಕ್ಕಿ ಮತ್ತು ಓರೆಗೆರೆ ಬಿಟ್ಟರೆ ‘ಕಮಾಂಡ್ ನಾಟ್ ಫೌಂಡ್’ ಅಂತ ಬರುತ್ತದೆ. ಶೆಲ್ ಕಮಾಂಡ್‌ಗಳನ್ನು ಹುಡುಕುವುದು ತನ್ನ ಪಟ್ಟಿಯಲ್ಲಿರುವ ಫೋಲ್ಡರ್‌ಗಳಲ್ಲಿ ಮಾತ್ರ, ನೀವಿರುವ ಫೋಲ್ಡರ್ ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಇರುವುದಿಲ್ಲ. ಆ ಪಟ್ಟಿಯ ಹೆಸರು ಪಾತ್. ನಿಮ್ಮ ಸ್ಕ್ರಿಪ್ಟ್‌ಗಳಿಗೆ ಒಂದು ಫೋಲ್ಡರ್ ಮಾಡಿ ಅದನ್ನು ಪಾತ್‌ಗೆ ಸೇರಿಸಿಕೊಂಡರೆ, ‘ಎಣಿಕೆ’ಯೂ ಎಲ್‌ಎಸ್, ಸಾರ್ಟ್‌ಗಳ ಹಾಗೆ ಎಲ್ಲಿಂದ ಕರೆದರೂ ಓಡುತ್ತದೆ.